ಹದಿನೇಳು ಕೇಬಲ್‌ಗಳು

ಹದಿನಾಲ್ಕನೇ ತಾರೀಖು, ಮಂಗಳವಾರ ಸಂಜೆ

ಗುಬ್ಬೀ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಮತ್ತೆ ಫೋನ್ ಮಾಡಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಕರಗುತ್ತೇನೆ. ಅದಕ್ಕೇ ಈ ಕಾಗದ.

ನಿನ್ನೆ ಲ್ಯಾಬಿನಲ್ಲಿ ಯಾರೋ ಅಜ್ಜನ ಹಲ್ಲಿನ ಸೆಟ್ಟಿಗೆ ಪಾಲಿಷ್ ಹಾಕುತ್ತಿದ್ದೆ. ರೇಡಿಯೋದಲ್ಲಿ ಹಾಸಿಗೆಯ ಜಾಹೀರಾತು ಬಂತು, ಹಿಂದೆ ಒಂದು ಟ್ಯೂನ್. ಅದರ ಆರನೇ ಸ್ವರ ಕೂದಲೆಳೆಯಷ್ಟು ಕೆಳಗೆ. ನನ್ನ ಕೈ ಜಾರಿ ಅಜ್ಜನ ಮುಂದಿನ ಎರಡು ಹಲ್ಲು ಹಾರಿಹೋದವು. ಆ ಸ್ವರ ಅಷ್ಟೇ ತಗ್ಗಿ ನುಡಿಯುವುದು ನನ್ನ ಸಿಂಥಸೈಜರ್ ಪೆಟ್ಟಿಗೆಯಲ್ಲಿ ಮಾತ್ರ. ಅದರ ಆರನೇ ನಾಬ್ ಸವೆದಿದೆ, ಎಷ್ಟು ತಿರುಗಿಸಿದರೂ ಸರಿಯಾದ ಜಾಗದಲ್ಲಿ ನಿಲ್ಲುವುದಿಲ್ಲ. ಬದಲಿಸೋಣ ಎಂದವಳು ನೀನು, ಬೇಡ ಎಂದವಳು ನಾನು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಿಟ್ಟು ಬಂದವರು ಹಾಗೆಯೇ. ಚಪ್ಪಲಿ ಡಬ್ಬದಷ್ಟಿರುವ ಆ ಪೆಟ್ಟಿಗೆಗೆ ನೆನಪೆಂಬುದೇ ಇಲ್ಲ. ಎಂಟು ನಾಬ್‌ಗಳಿಗೆ ಎಂಟು ಸ್ವರ, ಒಂದೊಂದನ್ನೂ ಕಿವಿಯಿಂದಲೇ ಕೂರಿಸಬೇಕು. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಹಾಗೆ ಟ್ಯೂನ್. ಸ್ವರಕ್ಕೊಂದು ಹೆಜ್ಜೆಯಂತೆ ಸುತ್ತಿ ಸುತ್ತಿ ನುಡಿಯುವ ಎಂಟು ಹೆಜ್ಜೆಯ ಸಾಲಿಗೆ ಐದು ಹೆಜ್ಜೆಯ ಇನ್ನೊಂದು ಸಾಲು ಜೋಡಿಸಿದ್ದೆ. ಎರಡೂ ಮತ್ತೆ ಒಟ್ಟಿಗೆ ಶುರುವಾಗಲು ನಲವತ್ತು ಹೆಜ್ಜೆ ಬೇಕು. ಹತ್ತೊಂಬತ್ತು ಸಂಜೆ, ಹದಿನೇಳು ಕೇಬಲ್. ಕಿತ್ತರೆ ಮುಗಿಯಿತು. “ರೆಕಾರ್ಡ್ ಮಾಡ್ಕೊಳ್ಳಕ್ಕಾ” ಎಂದು ನೀನು ಗೋಗರೆದಾಗ, ಇನ್ನೂ ಹದಕ್ಕೆ ಬಂದಿಲ್ಲ, ಭಾನುವಾರ ಮಾಡೋಣ ಎಂದಿದ್ದೆ. ಹಿಂದಿನ ದಿನ, ಶನಿವಾರ, ಕೆಲಸದಿಂದ ಬಂದಾಗ ಕೇಬಲ್‌ಗಳೆಲ್ಲ ನೀಟಾಗಿ ಸುತ್ತಿ ಮೇಜಿನ ಮೇಲಿದ್ದವು. ನಾಬ್‌ಗಳೆಲ್ಲ ಸೊನ್ನೆಯಲ್ಲಿ.

ನಮ್ಮ ಮನೆಯಲ್ಲಿ ಒರೆಸುವ ಹುಚ್ಚು ಇರುವುದು ನಿನ್ನ ಭಾವನಿಗೆ. ಹಿಂದೊಮ್ಮೆ ಧೂಳು ಹೊಡೆಯಲು ಹೋಗಿ ಎರಡು ಕೇಬಲ್ ಕಿತ್ತವರೂ ಅವರೇ. ಇನ್ನೇನು ಬೇಕಿತ್ತು? ತಾವು ಮುಟ್ಟಿಲ್ಲ ಎಂದು ಒಮ್ಮೆ ಹೇಳಿದರು. ನಾನು ಆಡಬಾರದ್ದೆಲ್ಲ ಆಡಿದೆ. ಹದಿಮೂರು ವರ್ಷದಲ್ಲಿ ನನ್ನದೆಂದು ಒಂದೇ ಒಂದು ಮಾಡಿಕೊಂಡರೆ ಅದನ್ನೂ ಒರೆಸಿಹಾಕಿದಿರಿ ಎಂದೆ. ವಾರದೊಳಗೆ ಅವರು ಅಣ್ಣನ ಮನೆಗೆ ಹೋದರು. ಐದು ತಿಂಗಳಾಯಿತು. ನಾನು ಅಳುವಾಗ ನೀನು ತಲೆ ನೇವರಿಸಿ, “ಭಾವಂಗೆ ಇದೆಲ್ಲ ಎಲ್ಲಿ ಅರ್ಥ ಆಗ್ಬೇಕು, ಬಿಡಕ್ಕಾ” ಎಂದೆಯಲ್ಲ, ಆ ಕೈ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಿನ್ನೆ ಫೋನಿನಲ್ಲಿ, ಹಾಸಿಗೆಯ ಜಾಹೀರಾತು ಕೇಳಿದೆ ಎಂದಷ್ಟೇ ಹೇಳಿದೆ. ಜಾಹೀರಾತಿಗೆ ಟ್ಯೂನ್ ಹೊಂದಿಸುವುದು ನಿನ್ನ ಹೊಟ್ಟೆಪಾಡು, ಖುಷಿಪಡಬೇಕಿತ್ತು. ನೀನು, “ಆ ಶನಿವಾರ ನಾನು ಆ ಕಡೆಗೇ ಬಂದಿರ್ಲಿಲ್ಲ” ಎಂದೆ. ಯಾವ ಶನಿವಾರದ ಮಾತನ್ನೂ ನಾನು ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಮೇಲೆ, ಎಂಟು ಸ್ವರ ತಾನೇ, ಯಾರಿಗೆ ಬೇಕಾದರೂ ಹೊಳೆಯಬಹುದು ಎಂದೂ ಸೇರಿಸಿದೆ.

ಕೇಳಿದ್ದರೆ ಕೊಡುತ್ತಿದ್ದೆ ಕಣೇ. ಚಿಕ್ಕಂದಿನಿಂದ ನಿನಗೆ ಏನು ಕೊಟ್ಟಿಲ್ಲ ಹೇಳು? ಕದ್ದು ರೆಕಾರ್ಡ್ ಮಾಡಿಕೊಂಡ ಟ್ಯೂನ್ ಹೋಗಲಿ, ಊರೆಲ್ಲ ಅದರ ಮೇಲೆ ಮಲಗಲಿ. ಕೇಬಲ್ ಯಾಕೆ ಕಿತ್ತೆ? ನನ್ನದೆನ್ನಲು ಗುರುತೇ ಉಳಿಯಬಾರದೆಂದು ತಾನೇ? ಅದನ್ನೂ ಒಂದು ದಿನ ಮರೆಯುತ್ತಿದ್ದೆನೇನೋ. ಆದರೆ ಐದು ತಿಂಗಳು, ಪ್ರತಿ ಭಾನುವಾರ, ನಿನ್ನ ಭಾವನ ಕುರ್ಚಿಯಲ್ಲೇ ಕೂತು ಉಂಡು ಹೋದೆಯಲ್ಲ, ಒಂದು ಮಾತು ಬಾಯಿಗೆ ಬರಲಿಲ್ಲವೇ? ಅದಕ್ಕೆ ನನ್ನ ಹತ್ತಿರ ಕ್ಷಮೆ ಇಲ್ಲ.

ಈ ಭಾನುವಾರ ಬರಬೇಡ.

ಏನೇ ಆದರೂ ನಿನ್ನ
ಅಕ್ಕ

ತಾ.ಕ.: ಇವತ್ತು ಬೆಳಿಗ್ಗೆ ನಿನ್ನ ಭಾವನನ್ನು ನೋಡಲು ಹೋಗಿದ್ದೆ. ತಪ್ಪಾಯಿತು, ಮಾಡಿದ್ದು ಗುಬ್ಬಿ ಎಂದೆ. ಅವರಿಗೆ ಅವತ್ತೇ ಗೊತ್ತಿತ್ತಂತೆ. ಆ ಶನಿವಾರ ನಿನಗೆ ಬಾಗಿಲು ತೆಗೆದವರೇ ಅವರು. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಇರೋಳು ಒಬ್ಳೇ ತಂಗಿ, ಅವಳ ಹೆಸರು ಯಾಕೆ ತೆಗೀಲಿ? ನಾನು ಮುಟ್ಟಿಲ್ಲ ಅಂದಿದ್ದೆ. ನಿಂಗೆ ಅಷ್ಟು ಸಾಕಾಗುತ್ತೆ ಅನ್ಕೊಂಡಿದ್ದೆ” ಎಂದರು. ಮನೆಗೆ ಬನ್ನಿ ಎಂದೆ. ಟೀ ಮಾಡಿಕೊಟ್ಟು, ಬಸ್ ಹತ್ತಿಸಿ ಕಳಿಸಿದರು.