ಹಳದಿ ಪೀಪಾಯಿಯ ಬಲಗಡೆ

ಮಾರ್ಚ್ 9, ಭಾನುವಾರ
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಅತ್ತಿಗೆಯವರಿಗೆ,

ನಿಮ್ಮ ನಾದಿನಿಯ ನಮಸ್ಕಾರಗಳು. ನಾದಿನಿ ಅಂದರೆ ಸದಾ ನಾದ ಮಾಡುವವಳು ಎಂದು ಮದುವೆಯಾದ ಹೊಸದರಲ್ಲಿ ನೀವೇ ಅರ್ಥ ಹೇಳಿದ್ದಿರಿ. ಹಾಗಾಗಿ ಈ ಪತ್ರದಲ್ಲಿ ಸದ್ದು ಜಾಸ್ತಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಕ್ಷೇಮ ಸಮಾಚಾರ ಆಮೇಲೆ ವಿಚಾರಿಸುತ್ತೇನೆ, ಯಾಕೆಂದರೆ ಸುದ್ದಿಯೊಂದು ಬಾಯಲ್ಲಿ ನಿಲ್ಲುತ್ತಿಲ್ಲ. ಊರವರ ಬಾಯಿ ತೆರೆಸುವ ಹಲ್ಲಿನ ಡಾಕ್ಟರ ಬಾಯೇ ಮುಚ್ಚದಿರುವುದು ಊರಿಗೆ ಒಳ್ಳೆಯ ಸುದ್ದಿಯಲ್ಲ. ಪುಣ್ಯಕ್ಕೆ ಇವತ್ತು ಕ್ಲಿನಿಕ್ ರಜೆ.

ಮಿಡತೆ ಸಿಕ್ಕಿದೆ.

ಹೌದು, ನಮ್ಮ ಮಿಡತೆಯೇ. ನೀವು ಮುಂದೆ ಹಾಯಿಯ ಹಗ್ಗ ಹಿಡಿದು, ನಾನು ಹಿಂದೆ ಚುಕ್ಕಾಣಿ ಹಿಡಿದು, ಎರಡು ವರ್ಷದ ಭಾನುವಾರಗಳನ್ನೆಲ್ಲ ಒದ್ದೆ ಮಾಡಿಕೊಂಡ ಆ ಹನ್ನೆರಡು ಅಡಿಯ ರೇಸ್ ದೋಣಿ. ಮಾರಿ ಹತ್ತೊಂಬತ್ತು ವರ್ಷ ಆಯಿತಲ್ಲ, ಎಲ್ಲಿತ್ತು ಅಂತೀರಿ? ನೀರಿನಲ್ಲಿರಲಿಲ್ಲ, ದಡದಲ್ಲೂ ಇರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಹಾಸಿಗೆ ಅಂಗಡಿಯ ಗಾಜಿನ ಕಿಟಕಿಯೊಳಗೆ, ಮೈಗೆಲ್ಲ ಗುಲಾಬಿ ಬಣ್ಣ ಬಳಿಸಿಕೊಂಡು, ಹೊಟ್ಟೆ ತುಂಬ ದಿಂಬು ತುಂಬಿಕೊಂಡು, ಹಾಯಿ ಇಲ್ಲದೆ ಹಾಯಾಗಿ ಮಲಗಿತ್ತು.

ನಿಮಗೆ ಹೇಳಿರಲಿಲ್ಲ, ನಾಲ್ಕು ವರ್ಷದಿಂದ ಇದರ ಬೆನ್ನು ಹತ್ತಿದ್ದೆ. ನಮ್ಮಿಂದ ಕೊಂಡ ಸಂಗೀತದ ಮೇಷ್ಟ್ರನ್ನು ಮೊದಲು ಹಿಡಿದೆ. ಅವರಿಗೆ ದೋಣಿಯ ಮೇಲೆ ಪ್ರೀತಿ ಬಹಳ, ನೀರಿನ ಮೇಲೆ ಅಷ್ಟಕ್ಕಷ್ಟೆ. ಬಂದ ವಾರವೇ ಉಜ್ಜದೆ ಗಿಜ್ಜದೆ ವಾರ್ನಿಷ್ ಬಳಿದು, ಮೂರು ಸಲ ನೀರಿಗಿಳಿಸಿ, ಮೂರು ಸಲವೂ ತಾವೇ ನೀರಿಗಿಳಿದು, ಸರೋವರದ ದಡದ ಹೋಟೆಲಿಗೆ ಕೊಟ್ಟುಬಿಟ್ಟರಂತೆ. ಆ ಹೋಟೆಲಿನವರು ಬಿಳಿ ಬಣ್ಣ ಹೊಡೆದು, ಅದರೊಳಗೆ ಐಸ್ ಸುರಿದು, ಮೇಲೆ ಹಣ್ಣು ಜೋಡಿಸಿ ಊಟದ ಕೋಣೆಯಲ್ಲಿ ಇಟ್ಟಿದ್ದರಂತೆ. ಹೋಟೆಲ್ ಮುಚ್ಚಿದ ಮೇಲೆ ಸಾಮಾನು ಎತ್ತಿಕೊಂಡು ಹೋದ ಹಳೆ ಪೀಠೋಪಕರಣದ ವ್ಯಾಪಾರಿ, "ಮೇಡಂ, ಅದು ದೋಣಿ ಅಂತ ನಂಗೊತ್ತೇ ಇರ್ಲಿಲ್ಲ, ಹಣ್ಣಿನ ತಟ್ಟೆ ಅಂತ ಮಾರ್ದೆ," ಅಂದ. ಯಾರಿಗೆ ಮಾರಿದ್ದೆಂದು ನೆನಪಿಸಿಕೊಳ್ಳಲು ಆತನಿಗೆ ಒಂಬತ್ತು ತಿಂಗಳು ಬೇಕಾಯಿತು.

ಹಾಸಿಗೆ ಅಂಗಡಿಗೆ ನುಗ್ಗಿದವಳೇ ದಿಂಬುಗಳ ರಾಶಿಯೊಳಗೆ ಭುಜದ ತನಕ ಕೈ ಇಳಿಸಿದೆ. ಹಾಯಿಕಂಬ ನಿಲ್ಲುವ ದಪ್ಪ ಮರದ ಮೇಲೆ ದೋಣಿ ಕಟ್ಟಿದವರು ಅದರ ಸಂಖ್ಯೆ ಕೆತ್ತಿರುತ್ತಾರೆ, ಬಣ್ಣ ಎಷ್ಟು ಬಳಿದರೂ ಅದು ಬೆರಳಿಗೆ ಸಿಗುತ್ತದೆ. ಅಂಗಡಿಯವರು ಓಡಿ ಬಂದು, ಒಳಗಿರೋದೆಲ್ಲ ಅಪ್ಪಟ ಹತ್ತಿನೇ, ಅಷ್ಟು ಆಳದ ತನಕ ಅನುಮಾನ ಪಡಬೇಡಿ ಎಂದು ಕೈ ಮುಗಿದರು. ಬೆರಳಿಗೆ ತಗುಲಿದ್ದು ಒಂದು, ಇನ್ನೊಂದು ಒಂದು, ಆಮೇಲೆ ಸೊಂಟಕ್ಕೆ ಅಡ್ಡಗೆರೆ ಎಳೆದ ಏಳು. ನೂರ ಹದಿನೇಳು. ನಾನು ಆ ದಿಂಬುಗಳ ಮೇಲೇ ಕೂತು ಅತ್ತೆ. ಯಾರಾದರೂ ಕೊಳ್ಳುವ ಮೊದಲೇ ದಿಂಬನ್ನು ಇಷ್ಟು ಒದ್ದೆ ಮಾಡಿದ್ದನ್ನು ಆ ಮನುಷ್ಯ ನೋಡಿರಲಿಕ್ಕಿಲ್ಲ.

ಅವರು ಕೊಡಲು ಸುತಾರಾಂ ಒಪ್ಪಲಿಲ್ಲ. ದೋಣಿ ನೋಡಿಯೇ ಜನ ಒಳಗೆ ಬರುವುದು, ಅದು ಹೋದರೆ ಕಿಟಕಿ ಬೋಳು ಬೋಳಾಗುತ್ತದೆ ಅಂದರು. ಮೂರನೇ ಭೇಟಿಯಲ್ಲಿ ನನಗೆ ಬುದ್ಧಿ ಹೊಳೆಯಿತು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನನ್ನ ಹಳೆಯ ಕುರ್ಚಿ ಇತ್ತಲ್ಲ, ರೋಗಿಗಳನ್ನು ಮಲಗಿಸುವ ಆ ಹಸಿರು ಸಿಂಹಾಸನ? ಅದನ್ನು ಕೊಟ್ಟೆ, ಮಿಡತೆಯನ್ನು ತಂದೆ. ಈಗ ಅವರ ಕಿಟಕಿಯಲ್ಲಿ ಆ ಕುರ್ಚಿಯ ಮೇಲೆ ಮೆತ್ತನೆಯ ಹಾಸಿಗೆ, ಪಕ್ಕದಲ್ಲಿ ಬೋರ್ಡು: "ಇಲ್ಲೂ ನಿದ್ದೆ ಬರುತ್ತದೆ!" ವ್ಯಾಪಾರ ದುಪ್ಪಟ್ಟಾಗಿದೆಯಂತೆ. ನನ್ನ ಕೈಯಲ್ಲಿ ಆ ಕುರ್ಚಿ ಇಪ್ಪತ್ತು ವರ್ಷ ಜನರನ್ನು ಓಡಿಸಿತ್ತು.

ದುರಸ್ತಿಗೆ ಕೊಟ್ಟಿದ್ದು ಮಿಡತೆಯನ್ನು ಕಟ್ಟಿದ ಬಡಗಿಯ ಮಗಳಿಗೆ. ತಂದೆಯ ಕಾರ್ಖಾನೆಯನ್ನು ಈಗ ಅವಳೇ ನಡೆಸುತ್ತಾಳೆ. ಮಾತು ಕಡಿಮೆ, ಕಿವಿ ಚುರುಕು. ಪ್ರತಿ ಹಲಗೆಯನ್ನೂ ಬೆರಳ ಗಿಣ್ಣಿನಿಂದ ತಟ್ಟಿ ಸದ್ದು ಕೇಳಿದಳು. ನಾನು ಹಲ್ಲು ತಟ್ಟುವುದೂ ಹಾಗೆಯೇ ಎಂದಾಗ, ನಿಮ್ಮೋರು ಕೂಗ್ಕೋತಾರೆ, ನಮ್ಮೋರು ಕೂಗಲ್ಲ, ಅಷ್ಟೇ ವ್ಯತ್ಯಾಸ ಅಂದಳು. ಹುಳುಕು ಎರಡೇ ಹಲಗೆಗಳಲ್ಲಿ, ಅದೂ ಐಸ್ ನೀರು ನಿಂತ ಹಿಂಭಾಗದಲ್ಲಿ. ಅವನ್ನು ಕಿತ್ತು ಹೊಸದು ಕೂರಿಸಿದಳು. ಬಣ್ಣ ಕೆರೆಯುವ ಕೆಲಸ ನನಗೆ ಬಿಟ್ಟಳು. ಹಲ್ಲಿನ ಪಾಚಿ ಕೆರೆಯುವ ನನ್ನ ಹಳೆಯ ಕೊಕ್ಕೆಗಳನ್ನು ತೆಗೆದುಕೊಂಡು ಹೋಗಿ ಹನ್ನೊಂದು ಭಾನುವಾರ ಕೂತೆ, ಅತ್ತಿಗೆ. ಗುಲಾಬಿ ಹೋಯಿತು, ಬಿಳಿ ಹೋಯಿತು, ಕೆಳಗೆ ಜೇನಿನ ಬಣ್ಣದ ಮರ ಕಣ್ಣು ಬಿಟ್ಟಿತು. ಜೀವಮಾನದಲ್ಲಿ ನನ್ನ ಕೈಗೆ ಸಿಕ್ಕ ಬಾಯಿಗಳಲ್ಲಿ ಒಂದೂ ಇಷ್ಟು ಚೆಂದವಿರಲಿಲ್ಲ.

ಇನ್ನೇನು ತೇಲಿಸುವುದು ಅಂದುಕೊಂಡರೆ, ಹಲಗೆ ಹಲಗೆಯ ನಡುವೆ ಬಿರುಕು. ಅಂಗಡಿಯ ಕಾವಿನಲ್ಲಿ ಮರವೆಲ್ಲ ಒಣಗಿ ಕುಗ್ಗಿಹೋಗಿತ್ತು. ಒಳಗೆ ಕೂತರೆ ಹೊರಗೆ ಹೋಗುವವರ ಚಪ್ಪಲಿ ಕಾಣುತ್ತಿತ್ತು. ನಾನು ಅಂಟು ತರಲೇ, ಮೇಣ ತರಲೇ ಎಂದು ಚಡಪಡಿಸಿದರೆ ಬಡಗಿಯ ಮಗಳು ಸಮಾಧಾನವಾಗಿ, ಮುಳುಗಿಸೋಣ ಅಂದಳು. ನಿಜವಾಗಿಯೂ ಮುಳುಗಿಸಿದಳು. ಕಾರ್ಖಾನೆಯ ಹಿಂದೆ ಸೊಂಟದುದ್ದ ನೀರಿನಲ್ಲಿ ಮರಳಿನ ಚೀಲಗಳನ್ನು ಹೇರಿ ನಾಲ್ಕು ದಿನ ಅದ್ದಿಟ್ಟಳು. ನಾಲ್ಕು ವರ್ಷ ಹುಡುಕಿ ತಂದದ್ದನ್ನು ಮುಳುಗಿಸಿ ದಡದಲ್ಲಿ ನಿಂತಿದ್ದೆ, ನನ್ನ ಮುಖ ನೀವು ನೋಡಬೇಕಿತ್ತು. ಐದನೇ ದಿನ ಚೀಲ ತೆಗೆದು ನೀರು ಮೊಗೆದೆವು. ಹಲಗೆಗಳು ನೀರು ಕುಡಿದು ಊದಿ, ಒಂದನ್ನೊಂದು ಅಪ್ಪಿಕೊಂಡು, ಬಿರುಕುಗಳೆಲ್ಲ ತಾವಾಗಿಯೇ ಮುಚ್ಚಿಕೊಂಡಿದ್ದವು. ಒಳಗೆ ಟಿಶ್ಯೂ ಕಾಗದ ಹಾಸಿ ಒಂದು ಗಂಟೆ ಕಾದೆ. ಒಂದು ಹನಿ ಇಲ್ಲ. ಬಡಗಿಯ ಮಗಳು ಮೊದಲ ಸಲ ನಕ್ಕಳು. ನಾನು ಕುಣಿದೆ. ಐವತ್ತೊಂದರ ಹೆಂಗಸು ಒದ್ದೆ ಲಂಗದಲ್ಲಿ ಕುಣಿಯುವುದನ್ನು ಆ ಕಡೆಯ ದಡದ ಮೀನು ಹಿಡಿಯುವವರು ಗಾಳ ಬಿಟ್ಟು ನೋಡಿದರು.

ಇಷ್ಟೂ ಹೇಳಿ ಒಂದನ್ನು ಬಿಟ್ಟಿದ್ದೇನೆ. ಅದಕ್ಕೆ ಬಣ್ಣ ಕೆರೆಯುತ್ತಿದ್ದ ಏಳನೇ ಭಾನುವಾರಕ್ಕೆ ಹಿಂದೆ ಹೋಗಬೇಕು, ಆಮೇಲೆ ಇನ್ನೂ ಹಿಂದಕ್ಕೆ.

ರೇಸಿಗೆ ಐದು ನಿಮಿಷ ಮುಂಚೆ ದಡದ ಕಪ್ಪು ಹಲಗೆಯಲ್ಲಿ, ನೀರಿನಲ್ಲಿ ಗುರುತಿಗೆ ತೇಲಿಬಿಟ್ಟ ಯಾವ ಪೀಪಾಯಿಯನ್ನು ಯಾವ ಕಡೆಯಿಂದ ಸುತ್ತಬೇಕೆಂದು ಬರೆಯುತ್ತಿದ್ದರಲ್ಲ. ಕಾಗದ ನೆನೆಯುತ್ತದೆಂದು ನೀವು ಅದನ್ನು ನಮ್ಮಿಬ್ಬರ ನಡುವಿನ ಅಂಚುಹಲಗೆಯ ಮೇಲೇ ಪೆನ್ಸಿಲಿನಿಂದ ಬರೆದಿಡುತ್ತಿದ್ದಿರಿ. ಕೊನೆಯ ರೇಸಿನ ದಿನ ಹಳದಿ ಪೀಪಾಯಿ ಹತ್ತಿರ ಬಂದಾಗ ಅತ್ತಿಗೆಯಾದ ನೀವು "ಅತ್ತ ಕಣೆ, ಅತ್ತ" ಅಂದಿರಿ, ನಾನು ಇತ್ತ ತಿರುಗಿಸಿದೆ. ಮುಂದೆ ಇದ್ದವನು ಹಿಂದಿನ ವರ್ಷದ ಚಾಂಪಿಯನ್, ಅವನು ಎಡಕ್ಕೆ ಹೋದ, ನಾನು ಅವನ ಬಾಲ ಹಿಡಿದೆ. ಇಬ್ಬರೂ ಅನರ್ಹ. ಬಲಕ್ಕೆ ಹೋಗಿದ್ದರೆ ಗೆದ್ದಿರುತ್ತಿದ್ದೆವು. ಬಲಕ್ಕೆ ತಿರುಗುವ ಬಲ ನನಗಿರಲಿಲ್ಲ.

ತೀರ್ಪುಗಾರರು ಕರೆದು ಕೇಳಿದಾಗ, ಅತ್ತಿಗೆ ದಾರಿಯನ್ನೇ ತಪ್ಪಾಗಿ ಬರೆದುಕೊಂಡಿದ್ದರು, ಈಗ ನೀರಿಗೆ ಅಳಿಸಿಹೋಗಿದೆ ಎಂದೆ. ನೀವು ಒಂದು ಕ್ಷಣ ನನ್ನ ಮುಖ ನೋಡಿದಿರಿ. ಆಮೇಲೆ, ಆತುರದಲ್ಲಿ ನಾನೇ ತಪ್ಪಿರಬಹುದು ಅಂದಿರಿ. ಸಂಜೆ ದೋಣಿ ಕ್ಲಬ್ಬಿನ ಊಟದಲ್ಲಿ "ಎಡಬಲ ಅತ್ತಿಗೆ" ಎಂಬ ಹೆಸರು ಹುಟ್ಟಿತು. ಇಡೀ ಮೇಜು ನಕ್ಕಿತು. ಆ ಹೆಸರು ಕಟ್ಟಿದವಳು ನಾನೇ. ನನಗೆ ನಾಲಗೆ ಉದ್ದ, ಅವತ್ತು ಅದಕ್ಕೆ ಕತ್ತರಿ ಹಾಕುವವರಿರಲಿಲ್ಲ. ಮರುವಾರ ನೀವು ಹಗ್ಗ ಎಳೆಯಲು ಹಾಕಿಕೊಳ್ಳುತ್ತಿದ್ದ ನಿಮ್ಮ ಕೈಗವಸುಗಳನ್ನು ಒಗೆದು, ಮಡಿಸಿ, ನನ್ನ ಕೈಗೆ ಕೊಟ್ಟಿರಿ. ಅಲ್ಲಿಂದ ಇಲ್ಲಿಯವರೆಗೆ ನೀವು ನನ್ನ ಹುಟ್ಟುಹಬ್ಬ ಮರೆತಿಲ್ಲ, ದೋಣಿಯ ಮಾತು ಮಾತ್ರ ಎತ್ತಿಲ್ಲ.

ಏಳನೇ ಭಾನುವಾರ ಅದೇ ಅಂಚುಹಲಗೆಯ ಬಿಳಿ ಬಣ್ಣ ಎದ್ದು ಬಂತು. ಕೆಳಗೆ ಸಂಗೀತದ ಮೇಷ್ಟ್ರ ವಾರ್ನಿಷ್. ಅವರ ಸೋಮಾರಿತನಕ್ಕೆ ನಾನು ಸಾಷ್ಟಾಂಗ ಬೀಳಬೇಕು, ಏಕೆಂದರೆ ಅವರು ಉಜ್ಜದೆ ಬಳಿದ ಆ ವಾರ್ನಿಷ್ ಕೆಳಗೆ, ಗಾಜಿನೊಳಗೆ ಇಟ್ಟಂತೆ, ನಿಮ್ಮ ದುಂಡನೆಯ ಅಕ್ಷರಗಳು:

"ಹಳದಿ — ಬಲ. ಮರೀಬೇಡ ಮಂಗ."

ಬಡಗಿಯ ಮಗಳು ಭುಜದ ಮೇಲಿಂದ ಇಣುಕಿ, ಈ ಮಂಗ ಯಾರು ಎಂದು ಕೇಳಿದಳು. ನಿನ್ನ ಮುಂದೇ ಕೂತಿದೆ ಅಂದೆ. ನಾನು ಅವತ್ತು ಈ ಹಲಗೆಯ ಕಡೆ ನೋಡದೆ ಆ ಚಾಂಪಿಯನ್ನನ ಬೆನ್ನು ನೋಡುತ್ತಿದ್ದೆ, ಅಷ್ಟೇ ಅತ್ತಿಗೆ.

ಶುಕ್ರವಾರ ಕ್ಲಬ್ಬಿನ ಗುಮಾಸ್ತರನ್ನು ಕರೆತಂದು ತೋರಿಸಿದೆ. ಹಳೆಯ ರೇಸ್ ಪುಸ್ತಕದಲ್ಲಿ ಇಂದಿಗೂ "117, ಮಿಡತೆ, ಅನರ್ಹ, ಸಹನಾವಿಕರು ದಾರಿಯನ್ನು ತಪ್ಪಾಗಿ ಬರೆದುಕೊಂಡಿದ್ದರಿಂದ" ಎಂದಿದೆ. ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ, ಸಹನಾವಿಕರು ಬರೆದದ್ದು ಸರಿಯಾಗಿತ್ತು ಎಂದು ಸೇರಿಸಿದರು.

ಇದೇ ಇಪ್ಪತ್ತಮೂರನೇ ತಾರೀಕು ಹಳೆಯ ದೋಣಿಗಳ ರೇಸ್ ಇದೆ. ಮಿಡತೆಯಲ್ಲಿ ಇರುವುದು ಎರಡೇ ಜಾಗ. ಚುಕ್ಕಾಣಿ ನೀವು ಹಿಡಿಯಿರಿ, ಹಗ್ಗ ನಾನು ಎಳೆಯುತ್ತೇನೆ, ಬೈಸಿಕೊಳ್ಳುವುದೂ ನಾನೇ. ಬೇರೆ ಯಾರನ್ನೂ ಆ ಜಾಗದಲ್ಲಿ ಕೂರಿಸುವುದಿಲ್ಲ. ನೀವು ಬರದಿದ್ದರೆ ಅದು ದಡದಲ್ಲೇ ಇರುತ್ತದೆ. ಅಣ್ಣ ಮಂಡಿ ನೋವಿನ ನೆಪ ಹೇಳಿದರೆ ಅವನನ್ನು ಬಿಟ್ಟು ಬನ್ನಿ, ಅವನ ಭಾರ ನಮಗೆ ಬೇಡವೇ ಬೇಡ.

ಕ್ಷೇಮ ತಾನೇ?

ನಿಮ್ಮ ನಾದಿನಿ

ತಾ. ಕ. — ಸೋಮವಾರ ಮಧ್ಯಾಹ್ನ. ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಮೇಲೆ ಬರೆದ ಒಂದು ಮಾತು ಸುಳ್ಳು. ನಾನು ಆ ಹಲಗೆಯನ್ನು ನೋಡಿದ್ದೆ. ತಿರುಗುವ ಮೊದಲೇ ಓದಿದ್ದೆ. ಚಾಂಪಿಯನ್ ತಪ್ಪಲಾರ, ನೀವು ತಪ್ಪಬಹುದು ಎಂದುಕೊಂಡೆ. ದಡಕ್ಕೆ ಬಂದ ಮೇಲೂ ಅದು ಅಳಿಸಿರಲಿಲ್ಲ. ನೀವು ನೋಡಲು ಬಂದಾಗ ನನ್ನ ಒದ್ದೆ ಜಾಕೆಟ್ ಅದರ ಮೇಲೆ ಹರಡಿತ್ತು. ಹರಡಿದ್ದವಳು ನಾನು. ಆಮೇಲೆ ಒರೆಸಲೆಂದು ಎರಡು ಸಲ ಬಟ್ಟೆ ಹಿಡಿದು ಹೋದೆ, ಆಗಲಿಲ್ಲ. ದೋಣಿಯನ್ನು ಅಷ್ಟು ಅವಸರದಲ್ಲಿ ಮಾರಿದ್ದು ಅದಕ್ಕೇ. ನಾಲ್ಕು ವರ್ಷ ಹುಡುಕಿದ್ದೂ ಆ ಒಂದು ಹಲಗೆಯನ್ನೇ. ಬೆಳಿಗ್ಗೆ ಕ್ಲಬ್ಬಿಗೆ ಹೋಗಿ ಇನ್ನೊಂದು ಸಾಲು ಸೇರಿಸಲು ಹೇಳಿದೆ: ಚುಕ್ಕಾಣಿ ಹಿಡಿದವಳು ಬರಹವನ್ನು ಓದಿದ್ದಳು, ವಿಚಾರಣೆಯಲ್ಲಿ ಸುಳ್ಳು ಹೇಳಿದಳು. ಇದಕ್ಕೆ ಸಾಕ್ಷಿ ಏನು ಕೊಡಲಿ ಎಂದು ಕೇಳಿದೆ. ಗುಮಾಸ್ತರು ಪೆನ್ನನ್ನು ನನ್ನ ಕಡೆ ತಿರುಗಿಸಿ, "ಬರೆದು ಸಹಿ ಹಾಕಿ ಮೇಡಂ, ಸಾಕು," ಅಂದರು. ಹಾಕಿದ್ದೇನೆ. ಇದನ್ನು ಓದಿದ ಮೇಲೂ ಬರುವ ಮನಸ್ಸಾದರೆ ಬನ್ನಿ. ಬಾರದಿದ್ದರೂ ಇಷ್ಟನ್ನು ಅಣ್ಣನಿಗೆ ಜೋರಾಗಿ ಓದಿ ಹೇಳಿ. ಕಾರು ಓಡಿಸುವಾಗ ಅವನು ಈಗಲೂ, ಯಾವ ಕಡೆ ತಿರುಗಿಸ್ಲಿ ಎಡಬಲ, ಎಂದು ನಿಮ್ಮನ್ನು ಕೇಳುತ್ತಾನೆ. ಅದು ಇವತ್ತಿಗೆ ನಿಲ್ಲಬೇಕು.