ಏಳನೇ ಡಿಸ್ಕಿನ ಬಾಯಿ

ಮನೆ, ಅಡುಗೆಮನೆಯ ಮೇಜು
ಮಂಗಳವಾರ, ನಸುಕಿನ ನಾಲ್ಕು

ಪ್ರೀತಿಯ ಅಣ್ಣಾ,

ಎರಡು ನಲವತ್ತಕ್ಕೆ ಮೊಬೈಲು ಮೂರು ಸಲ ಕಿರುಚಿ ನನ್ನನ್ನೂ ಮಗುವನ್ನೂ ಒಟ್ಟಿಗೇ ಎಬ್ಬಿಸಿತು. ನೀನು ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತಾ? ಅತ್ತಿಗೆಗೆ ಹೊಸ ಊರು ಹಿಡಿಸಿತಾ? ಹೊಸ ಕೆಲಸದಲ್ಲಿ ರಾತ್ರಿ ಪಾಳಿ ಇಲ್ಲವಂತೆ, ಪುಣ್ಯವಂತ. ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಅದಕ್ಕೇ ಮೇಲ್‌ನಲ್ಲಿ ಈ ಪತ್ರ.

ಆಸ್ಪತ್ರೆಯ ಎಕ್ಸ್‌ರೇ, ಸ್ಕ್ಯಾನ್‌ಗಳನ್ನೆಲ್ಲ ಇಟ್ಟಿದ್ದ, ನೀನೂ ನಾನೂ ನೋಡಿಕೊಳ್ಳುತ್ತಿದ್ದ ಡಿಸ್ಕುಗಳ ಸ್ಟೋರೇಜ್ ಮುಳುಗಿತು. ಒಂದು ಡಿಸ್ಕ್ ಸತ್ತರೆ ಉಳಿದವು ಹೆಗಲು ಕೊಡುತ್ತವೆ, ಎರಡು ಸತ್ತರೆ ದೇವರೇ ಗತಿ ಅಂತ ಕಲಿಸಿದವನು ನೀನೇ. ಈ ರಾತ್ರಿ ನಾಲ್ಕನೇ ಡಿಸ್ಕ್ ಹೋಯಿತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಯಂತ್ರ ತಾನೇ ಬರೆದಿಡುವ ಲಾಗ್ ತೆರೆದು ಹಿಂದಕ್ಕೆ ಓದುತ್ತಾ ಹೋದೆ. ಏಳನೆಯದು ಸತ್ತು ಆಗಲೇ ಒಂಬತ್ತು ದಿನ! ಸಾಯುವ ಮೊದಲು ನೂರಾರು ಸಲ ಗೋಗರೆದಿದೆ, ನನಗೆ ಒಂದೂ ಕೇಳಿಸಿಲ್ಲ. ಇನ್ನೂ ಹಿಂದೆ ಹೋದರೆ ಒಂದು ಸಾಲು: ಏಳನೇ ಡಿಸ್ಕಿನ ಎಚ್ಚರಿಕೆಗಳನ್ನು ನಿಲ್ಲಿಸಲಾಗಿದೆ. ಪಕ್ಕದಲ್ಲಿ ನನ್ನ ಹೆಸರು. ಎರಡು ವಾರದ ಹಿಂದೆ, ಬೆಳಿಗ್ಗೆ ಹನ್ನೊಂದು ಹತ್ತು.

ಆ ಹೊತ್ತಿಗೆ ನಾನು ಮಗುವಿಗೆ ಚುಚ್ಚುಮದ್ದು ಹಾಕಿಸುವ ಸಾಲಿನಲ್ಲಿದ್ದೆ. ನನ್ನ ಕೆಲಸ ನೋಡಿಕೊಂಡವನು ನೀನು. ನನ್ನ ಪಾಸ್‌ವರ್ಡ್ ನಿನಗೆ ಗೊತ್ತಿಲ್ಲದ್ದೇನಲ್ಲ; ಮಗುವಿನ ಮುದ್ದಿನ ಹೆಸರು, ಇಟ್ಟವನೂ ನೀನೇ. ಸಂಜೆ ನೀನು ನಗುತ್ತಾ, "ಅದರ ವಟವಟ ಮುಗಿಸಿದೀನಿ ಪುಟ್ಟಿ, ಇನ್ನು ಹಾಯಾಗಿ ಮಲ್ಕೋ" ಅಂದೆ. ಡಿಸ್ಕ್ ಬದಲಾಯಿಸಿದ್ದೀಯ ಅಂತ ನಂಬಿದೆ. ನೀನು ಅದರ ಬಾಯಿ ಮುಚ್ಚಿಸಿದ್ದೆ, ಅಷ್ಟೇ. ನಿನಗದು ಆಸ್ಪತ್ರೆಯಲ್ಲಿ ಕೊನೆಯ ವಾರ, ಹೊಸದು ತರಿಸುವ ಉಸಾಬರಿ ಯಾರಿಗೆ ಬೇಕು! ಭಾನುವಾರದಿಂದ ಈಚಿನ ಚಿತ್ರಗಳಿಗೆ ನಕಲು ಕೂಡ ಇಲ್ಲ. ಅದರಲ್ಲಿ ಯಾವ ತಾಯಿಯ ಯಾವ ಕೂಸಿನ ಸ್ಕ್ಯಾನ್ ಇದೆಯೋ. ಸಾಹೇಬರಿಗೆ ತಿಳಿಸಿದರೆ, "ಕೈಗೂಸಿನ ತಾಯಿಗೆ ಈ ಕೆಲಸ ಬೇಡ ಅಂತ ಅವತ್ತೇ ಬಡ್ಕೊಂಡೆ" ಅಂದರು. ಒಂಬತ್ತಕ್ಕೆ ಲಾಗ್ ಸಮೇತ ಬರಬೇಕಂತೆ. ಕೆಲಸ ಹೋದ ಹಾಗೆಯೇ.

ಅತ್ತಿಗೆಗೆ ನನ್ನ ನಮಸ್ಕಾರ. ನಿನ್ನ ಸೊಸೆ ಈಗಷ್ಟೇ ಕಣ್ಣು ಮುಚ್ಚಿದಳು.

ಇಂತಿ, ನಿದ್ದೆಗೆಟ್ಟ
ನಿನ್ನ ತಂಗಿ

ಬರೆಯಲು ಮರೆತೆ: ಯಾವ ಕಂಪ್ಯೂಟರಿನಿಂದ ನಿಲ್ಲಿಸಿದ್ದು ಅನ್ನುವುದೂ ಆ ಸಾಲಿನ ಕೊನೆಯಲ್ಲಿದೆ. ನಿನ್ನ ಮೇಜಿನದು. ಸಾಹೇಬರು ಅಷ್ಟು ದೂರ ಓದುವವರಲ್ಲ, ನಾನೇ ಬೆರಳಿಟ್ಟು ತೋರಿಸಬೇಕು. ಅಣ್ಣನ ಕಡೆಗೆ ಬೆರಳು ತೋರಿಸುವ ಹಾಗೆ ಮಾಡಬೇಡ. ನೀನೇ ಅವರಿಗೆ ಹೇಳಿಬಿಡು. ಬೆಳಗಾಗುವುದರೊಳಗೆ ಫೋನ್ ಮಾಡೋ, ನಿನ್ನ ದಮ್ಮಯ್ಯ ಅಂತೀನಿ. ಮೊಬೈಲು ಕೈಯಲ್ಲೇ ಹಿಡಿದು ಕೂತಿದ್ದೇನೆ.