ಕೆಸರಿನಲ್ಲಿ ಸಿಕ್ಕ ಬಂಡೆಮೀನು

ಮೀನು ಸಂಶೋಧನಾ ಕೇಂದ್ರ, ಬಂದರು ರಸ್ತೆ
ಗುರುವಾರ, ಮಾರ್ಚ್ ೧೪

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ, ಇಲ್ಲ ಯಾರಿಗೂ ಗೊತ್ತಾಗಬಾರದೆಂದು ಹಲ್ಲು ಕಚ್ಚಿಕೊಂಡು ಓಡಾಡುತ್ತಿದ್ದೀಯೋ? ಅಮ್ಮ ಕೊಟ್ಟ ಎಣ್ಣೆ ಹಚ್ಚಿಕೋ. ಬಾಟಲಿ ಹಾಗೇ ವಾಪಸ್ ಬಂದರೆ ಅವಳ ಬಾಯಿಗೆ ನೀನೇ ಸಿಗುತ್ತೀಯ, ನಾನು ಅಡ್ಡ ಬರುವುದಿಲ್ಲ. ಆ ದೂರದ ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಎಲ್ಲಿಗೆ ಬಂತು? ಫೋನಿನಲ್ಲಿ ಮಾತಾಡಿದರೆ ನೀನು ಆ ಎಂಜಿನ್ ಬಿಟ್ಟು ಈಚೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆ ತನ್ನ ಪುಟ್ಟ ದೋಣಿಗೆ ಹೊಸ ಬಣ್ಣ ಬಳಿದಿದ್ದಾಳೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಬಲೆ ಬೀಸಿ ಬಂದವಳು ನಮ್ಮ ಮನೆಗೆ ಮೀನು ಕೊಟ್ಟೇ ಮುಂದೆ ಹೋಗುತ್ತಾಳೆ. "ನಿಮ್ಮಪ್ಪ ಬರೋ ತನಕ ನಿಮ್ಮನ್ನ ಸಾಕೋಳು ನಾನೇ ಅಲ್ವಾ" ಎಂದು ಜಂಬ ಬೇರೆ.

ಈಗ ನನ್ನ ತಲೆ ತಿನ್ನುತ್ತಿರುವ ಸಂಗತಿ ಕೇಳು. ಹೋದ ವರ್ಷ ನಾವು ಬಂಡೆಮೀನುಗಳ ಬೆನ್ನಿಗೆ ಹಳದಿ ಪ್ಲಾಸ್ಟಿಕ್ ಚೀಟಿ ಚುಚ್ಚಿ ಸಮುದ್ರಕ್ಕೆ ಬಿಟ್ಟೆವಲ್ಲ? ಅಂಥ ಮೀನು ಸಿಕ್ಕವರು ಚೀಟಿಯನ್ನೂ ಕರುಳನ್ನೂ ನಮ್ಮ ಕಿಟಕಿಗೆ ತಂದುಕೊಟ್ಟು, ಹಿಡಿದ ಜಾಗ ಹೇಳಿದರೆ ಒಂದು ಟೋಪಿ ಬಹುಮಾನ. (ನಿನ್ನ ಟೋಪಿಗಳಲ್ಲಿ ಒಂದನ್ನು ಅಮ್ಮ ಬಟ್ಟೆ ಒಣಗಿಸುವಾಗ ಹಾಕಿಕೊಳ್ಳುತ್ತಾಳೆ, ಅವಳಿಗೇ ಹೆಚ್ಚು ಒಪ್ಪುತ್ತದೆ.) ಆ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಿದರೆ, ಹೆಚ್ಚಿನ ಮೀನು ಅಳಿವೆಯ ಕೆಸರಿನಲ್ಲೇ ಸಿಕ್ಕಿವೆ! ಬಂಡೆಯ ಸಂದು ಬಿಟ್ಟು ಕದಲದ ಈ ಸೋಮಾರಿಗೆ ಕೆಸರಿನಲ್ಲಿ ಏನು ಕೆಲಸ? ನಮ್ಮ ಸಾಹೇಬರಿಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. "ಮೊಟ್ಟೆ ಇಡೋಕೆ ಅಲ್ಲಿಗೆ ಬರ್ತವೆ ನೋಡಮ್ಮಾ, ಇದನ್ನ ಯಾರೂ ಕಂಡೇ ಇಲ್ಲ" ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾರೆ.

ನನಗೆ ಮಾತ್ರ ನಂಬಿಕೆ ಬರಲಿಲ್ಲ. ನಿನ್ನೆ ಫ್ರೀಜರ್‌ನಲ್ಲಿದ್ದ ಪೊಟ್ಟಣಗಳನ್ನೆಲ್ಲ ಬಿಚ್ಚಿ, ಒಂದೊಂದು ಹೊಟ್ಟೆಯನ್ನೂ ಸೀಳಿ ತಟ್ಟೆಗೆ ಸುರಿದೆ. ಬಂಡೆಗೆ ಅಂಟಿ ಬೆಳೆಯುವ ಚಿಪ್ಪಿನ ಚೂರುಗಳು, ಬಂಡೆ ಏಡಿಯ ಕಾಲುಗಳು. ಕೆಸರಿನ ಹುಳ ಹುಡುಕಿದರೂ ಒಂದಿಲ್ಲ. ಮೊಟ್ಟೆಯ ಚೀಲಗಳು ಒಡೆಯುವಷ್ಟು ತುಂಬಿದ್ದವು. ಅಂದರೆ ಇವು ಸಿಕ್ಕಿದ್ದು ಬಂಡೆಯಲ್ಲೇ, ಮೊಟ್ಟೆ ಇಡುವುದೂ ಅಲ್ಲೇ! ಎಷ್ಟು ಖುಷಿಯಾಯಿತೆಂದರೆ, ಗಲೀಜು ಕೈಗವಸಿನಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಹಾಗಾದರೆ ಈ ಕೆಸರಿನ ಕತೆ ಕಟ್ಟಿದವರು ಯಾರು? ಕಿಟಕಿಯ ಗುಮಾಸ್ತನನ್ನು ಕೇಳಿದೆ. ಅವನು ನನ್ನ ಮುಖ ನೋಡದೆ, "ಇವೆಲ್ಲ ನಿಮ್ಮ ತಂದೆಯವರೇ ತಂದಿದ್ದು ಮೇಡಂ" ಎಂದ.

ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀನು ಇವನ್ನು ಹಿಡಿದದ್ದು ಅಜ್ಜ ನಿನಗೊಬ್ಬನಿಗೇ ಗುಟ್ಟಾಗಿ ತೋರಿಸಿಕೊಟ್ಟ ಬಂಡೆಯ ಜಾಗದಲ್ಲಿ. ಸ್ವಂತ ತಮ್ಮನಿಗೂ ಬಾಯಿಬಿಡದವನು ಒಂದು ಟೋಪಿಗೆ ಬಾಯಿಬಿಡುತ್ತೀಯಾ? ಇಷ್ಟು ಹೊಳೆಯದೆ ನಕ್ಷೆ ಬರೆದ ನಾವೇ ಪೆದ್ದರು. ಆಮೇಲೆ ನಗು ನಿಂತಿತು. ರಾತ್ರಿ ಊಟ ಸೇರಲಿಲ್ಲ.

ನೀನಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ದೋಣಿಯಲ್ಲಿರುವ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಮಗಳು,
ಸೀಗಡಿ

ತಾ.ಕ.: ಕಾಗದ ಒಯ್ಯುವ ಐಸ್ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಹೇಳಲೇಬೇಕಾದದ್ದು ಉಳಿದೇ ಹೋಯಿತು. ಮೀನು ಮೊಟ್ಟೆ ಇಡುವ ಕಾಲದಲ್ಲಿ ಎಲ್ಲಿ ಬಲೆ, ಗಾಳ ಹಾಕಬಾರದೆಂದು ತೀರ್ಮಾನಿಸಲು ಸೋಮವಾರ ಸಭೆ. ಈ ನಕ್ಷೆ ನಂಬಿದರೆ ಅಳಿವೆ ಮುಚ್ಚುತ್ತಾರೆ. ಅತ್ತೆಯ ಆ ಪುಟ್ಟ ದೋಣಿ ಬೇರೆಲ್ಲಿಗೂ ಹೋಗಲಾರದು. ಬಂಡೆಯಲ್ಲಿ ಬಸುರಿ ಮೀನುಗಳು ಗಾಳಕ್ಕೆ ಬೀಳುತ್ತಲೇ ಇರುತ್ತವೆ. ಆ ಜಾಗ ಹೇಳುವುದು ನಿನಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೂ ಭಾನುವಾರದೊಳಗೆ ಸಾಹೇಬರಿಗೆ ಫೋನ್ ಮಾಡಿ ನೀನೇ ಹೇಳು. ಇಲ್ಲದಿದ್ದರೆ ಅಷ್ಟು ಜನರ ಮುಂದೆ ಎದ್ದು ನಿಂತು, ನಮ್ಮಪ್ಪ ಹೇಳಿದ್ದು ಸುಳ್ಳು ಎಂದು ನಾನು ಹೇಳಬೇಕಾಗುತ್ತದೆ. ಹೇಳುತ್ತೇನೆ. ನನ್ನ ಬಾಯಿಂದ ಆ ಮಾತು ಬರಿಸಬೇಡ ಅಪ್ಪಾ.